ಒಂದೇ ಕೈ ಎತ್ತಿದ ಬೆಳಗು

ನಮ್ಮ ಸಣ್ಣವಳಿಗೆ ಆಗ ಎರಡು ವರ್ಷ ತುಂಬಿರಲಿಲ್ಲ. ಮನೆಗೆ ಯಾರು ಬಂದರೂ ಬಾಗಿಲಿಗೆ ಓಡಿ ಹೋಗಿ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದಳು. ಹಾಲಿನವನು, ಗ್ಯಾಸಿನವನು, ಮೀಟರ್ ನೋಡಲು ಬಂದವನು, ಎಲ್ಲರೂ ಅವಳಿಗೆ ಒಂದೇ. ಎತ್ತಿಕೊಳ್ಳುವವರೆಗೆ ಕೈ ಇಳಿಸುತ್ತಿರಲಿಲ್ಲ, ನಗುವುದನ್ನೂ ನಿಲ್ಲಿಸುತ್ತಿರಲಿಲ್ಲ. ಮೀಟರಿನವನು ಪಾಪ, ತನ್ನ ಮಷೀನನ್ನು ಬಗಲಿಗೆ ಸಿಕ್ಕಿಸಿಕೊಂಡು ಅವಳನ್ನೆತ್ತಿಕೊಂಡೇ ಬಿಲ್ಲು ಹರಿದು ಕೊಟ್ಟ. ಗಾಜಿಪುರದ ನಮ್ಮ ಗಲ್ಲಿಯಲ್ಲಿ ಅವಳನ್ನು ಎತ್ತಿಕೊಳ್ಳದವರು ಯಾರೂ ಉಳಿದಿರಲಿಲ್ಲ ಎಂದೇ ಹೇಳಬೇಕು.

ದೊಡ್ಡವರಿಬ್ಬರಿಗೆ ಇವಳೇ ಒಂದು ಅಧ್ಯಯನದ ವಿಷಯ. ಮಗಳು ಏಳನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಇವಳ ತಲೆಯೊಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ ಇಬ್ಬರೂ ಊಟಕ್ಕೆ ಕೂತಾಗೆಲ್ಲ ವಾದಕ್ಕಿಳಿಯುತ್ತಿದ್ದರು. ಸಣ್ಣವಳಿಗೆ ತಾನೊಬ್ಬಳು ಬೇರೆ ಎಂಬುದೇ ಗೊತ್ತಿಲ್ಲ ಎಂದು ಮಗನ ವಾದ. ಎಲ್ಲ ಗೊತ್ತು, ಮಾತೊಂದು ಬರುವುದಿಲ್ಲ ಅಷ್ಟೇ ಎಂದು ಮಗಳ ವಾದ. ನಾನು "ಬಾಯಿ ಮುಚ್ಚಿ ಉಣ್ರಿ" ಎಂದು ಗದರಿಸುತ್ತಿದ್ದೆ, ಆದರೆ ಕಿವಿ ಅಲ್ಲೇ ಇರುತ್ತಿತ್ತು. ಮೂರನೆಯದಾಗಿ ಹೆತ್ತಿದ್ದರೂ ನನಗೂ ಅವಳು ಅರ್ಥವಾಗಿರಲಿಲ್ಲ.

ನಾನು ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದಾಗ ನನ್ನ ಅತ್ತೆ ಕಮಲಾಪುರದಿಂದ ನಮ್ಮಲ್ಲಿಗೆ ಬಂದರು. ಮಕ್ಕಳು ಅವರಿಗೆ ಆಯಿ ಅನ್ನುತ್ತಾರೆ. ಆಯಿ ಬೆಳಿಗ್ಗೆ ಸ್ನಾನ ಮಾಡಿ, ಹಾಲ್‌ನ ಮೂಲೆಯಲ್ಲಿ ಮಣೆ ಮುಂದಿಟ್ಟುಕೊಂಡು ಲಿಂಗಪೂಜೆಗೆ ಕೂರುತ್ತಿದ್ದರು. ಕೊರಳಲ್ಲಿ ಕಟ್ಟಿಕೊಂಡ ಬಿಳಿ ವಸ್ತ್ರದ ಗಂಟು ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು, ಭಸ್ಮ ಹಚ್ಚಿ, ಒಂದು ಪತ್ರಿ ಏರಿಸಿ, ಅದನ್ನೇ ದಿಟ್ಟಿಸುತ್ತ ಕೂರುವರು. ಕೊನೆಗೆ ಕಣ್ಣು ಮುಚ್ಚುವರು. ಆ ಲಿಂಗ ಅವರು ತೊಟ್ಟಿಲಲ್ಲಿದ್ದಾಗ ಕಮಲಾಪುರದಲ್ಲಿ ಕಟ್ಟಿದ್ದು. ಲಿಂಗ ಮೈಮೇಲಿಲ್ಲದೆ ಒಂದು ತುತ್ತೂ ಬಾಯಿಗೆ ಹೋಗುವುದಿಲ್ಲ ಎಂಬುದು ಅವರ ನೇಮ. ನನ್ನ ಲಿಂಗವೋ, ಮದುವೆಯಾದಾಗಿನಿಂದ ದೇವರ ಜಗುಲಿಯ ಮೇಲಿನ ಸ್ಟೀಲ್ ಡಬ್ಬಿಯಲ್ಲಿದೆ. ಅದರ ಪಕ್ಕದಲ್ಲೇ ನನ್ನ ಮೂವರು ಮಕ್ಕಳವೂ ಇವೆ. ಆಯಿ ಅದರ ಬಗ್ಗೆ ನನಗೆ ಒಂದು ದಿನವೂ ಒಂದು ಮಾತು ಅಂದವರಲ್ಲ.

ಪೂಜೆಯ ಹೊತ್ತಿಗೆ ಸಣ್ಣವಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದಳು. ಎಲ್ಲೂ ನಿಲ್ಲದ ಹುಡುಗಿ ಅಲ್ಲಿ ಮಾತ್ರ ಅಲುಗಾಡುತ್ತಿರಲಿಲ್ಲ. "ಆಯಿ ಕೈಯಾಗ ಏನು ಕಾಣ್ತದೋ ಇಕಿಗಿ?" ಎಂದು ಮಗ ಒಂದು ದಿನ ಆಯಿಯ ಬೆನ್ನ ಹಿಂದೆ ನಿಂತು ಇಣುಕಿ ನೋಡಿದ. ಕರ್ರಗಿನ ಗುಂಡನೆಯ ಒಂದು ವಸ್ತು ಕಂಡಿತೇ ಹೊರತು ಬೇರೇನೂ ಕಾಣಲಿಲ್ಲವಂತೆ.

ಅವತ್ತು ಭಾನುವಾರ, ಚಳಿಗಾಲ. ಮಕ್ಕಳ ಅಪ್ಪ ನಸುಕಿನಲ್ಲೇ ಕಮಲಾಪುರಕ್ಕೆ ಹೋಗಿದ್ದರು. ಅಲ್ಲಿ ನನ್ನ ಮೈದುನ ನೋಡಿಕೊಳ್ಳುವ ತುಂಡು ಬಾಳೆ ತೋಟವಿದೆ, ಕೆಂಪು ಬಾಳೆಯದು. ಆಯಿ ಪೂಜೆ ಮುಗಿಸಿ, ತೀರ್ಥದ ಜೊತೆಗೇ ಶುಗರಿನ ಗುಳಿಗೆ ನುಂಗಿದರು. ಒಂದೇ ನೀರಿನಲ್ಲಿ ಎರಡು ಕೆಲಸ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಲಿಂಗವನ್ನು ಕೊರಳಿಗೆ ಕಟ್ಟುವ ಶಿವದಾರ ಸವೆದಿತ್ತು. ಹೊಸದನ್ನು ಕಟ್ಟಲೆಂದು ಲಿಂಗವನ್ನು ಮಣೆಯ ಮೇಲೆ ವಸ್ತ್ರ ಹಾಸಿ ಇಟ್ಟರು. ಅಷ್ಟರಲ್ಲಿ ನಾನು ಬಚ್ಚಲಿನಿಂದ ಕೂಗಿದೆ: "ಅತ್ತೀ, ಒಲಿ ಮ್ಯಾಲ ಹಾಲದ, ನೋಡ್ರಿ!"

ಅವರು ಎದ್ದು ಹೋಗಿ ಗ್ಯಾಸ್ ಆರಿಸಿ ಬಂದರು. ಮಣೆಯ ಮೇಲೆ ವಸ್ತ್ರವಿತ್ತು, ದಾರವಿತ್ತು, ಲಿಂಗವಿರಲಿಲ್ಲ. ಪಕ್ಕದಲ್ಲಿ ಸಣ್ಣವಳು ನಗುತ್ತ ನಿಂತಿದ್ದಳು.

ನಾನು ಒದ್ದೆ ತಲೆಯಲ್ಲೇ ಓಡಿ ಬಂದು ಮೊದಲು ಮಾಡಿದ್ದು ಅವಳ ಬಾಯೊಳಗೆ ಬೆರಳು ಹಾಕಿದ್ದು. ಬಾಯಲ್ಲಿರಲಿಲ್ಲ, ಕೈಯಲ್ಲಿರಲಿಲ್ಲ, ಸ್ವೆಟರಿನ ಎರಡು ಕಿಸೆಯಲ್ಲೂ ಇರಲಿಲ್ಲ. "ಎಲ್ಲಿ ಇಟ್ಟಿ ಬಂಗಾರಿ?" ಅಂದರೆ ಸೀಲಿಂಗ್ ಫ್ಯಾನ್ ಕಡೆಗೆ ಬೊಟ್ಟು ತೋರಿಸಿದಳು. ಆ ದಿನಗಳಲ್ಲಿ ಯಾವ ಪ್ರಶ್ನೆಗೂ ಅವಳದು ಅದೇ ಉತ್ತರ.

ಹುಡುಕಾಟ ಶುರುವಾಯಿತು. ಮಂಚದ ಕೆಳಗೆ, ಕೂಲರಿನ ಹಿಂದೆ, ಚಪ್ಪಲಿ ಸ್ಟ್ಯಾಂಡಿನಲ್ಲಿ, ವಾಷಿಂಗ್ ಮಷೀನಿನಲ್ಲಿ, ಜೋಳದ ಹಿಟ್ಟಿನ ಡಬ್ಬಿಯಲ್ಲಿ. ನನ್ನ ಕಳೆದುಹೋದ ಓಲೆ ಸಿಕ್ಕಿತು. ಟಿವಿ ರಿಮೋಟಿನ ಹಿಂದಿನ ಮುಚ್ಚಳ ಸಿಕ್ಕಿತು. ಮಗನ ಅರ್ಧ ಎರೇಸರ್, ನಾಲ್ಕಾರು ಗಟ್ಟಿ ರೊಟ್ಟಿ ಚೂರು, ಯಾರದೋ ಮನೆಯ ಬೀಗದ ಕೈ ಸಿಕ್ಕವು. ಏನಾದರೊಂದು ಸಿಕ್ಕಾಗಲೆಲ್ಲ ಸಣ್ಣವಳು ಖುಷಿಯಿಂದ ಕಿರುಚುತ್ತಿದ್ದಳು. ಮನೆಯಲ್ಲಿ ಹಬ್ಬ ನಡೆದಿದೆ ಎಂದೇ ಅವಳು ತಿಳಿದಿದ್ದಳು.

ಕಮಲಾಪುರಕ್ಕೆ ಫೋನ್ ಹಚ್ಚಿದೆ. "ಅವ್ವ ಗುಳಿಗಿ ತೊಗೊಂಡಾಳಲ್ಲ, ಏನಾರ ತಿನ್ನಸು ಮದಲ," ಅಂದರು ಇವರು. "ಇಲ್ಲೇ ಮಠಕ್ಕ ಹೋಗಿ ಸ್ವಾಮಿಗೋಳಿಗಿ ಕೇಳ್ತೀನಿ. ಹೊಸಾದು ಕಟ್ಟಿಸಿದ್ರಾತು."

ಸ್ಪೀಕರಿನಲ್ಲಿ ಆಯಿ ಕೇಳಿಸಿಕೊಂಡರು. "ಹೊಸಾದು ಕಟ್ಟಿಸ್ಕೊಂಡ್ರ ಹಳೇದು ಯಾರದು? ಅದು ಈ ಮನ್ಯಾಗೇ ಅದ. ಸಿಗೂತನಕ ನಾ ಬಾಯಿಗಿ ನೀರೂ ಹಾಕಂಗಿಲ್ಲ," ಎಂದರು.

ಗುಳಿಗೆ ನುಂಗಿ ಉಣ್ಣದಿದ್ದರೆ ಶುಗರ್ ಇಳಿದೀತೆಂದು ನಾನು ಸಕ್ಕರೆ ನೀರು ಹಿಡಿದುಕೊಂಡು ನಿಂತೆ. ಅವರು ತುಟಿ ಬಿಗಿಹಿಡಿದರು. ಹಣೆಯ ಮೇಲೆ ಸಣ್ಣಗೆ ಬೆವರು ಒಡೆದಿತ್ತು, ಆ ಚಳಿಯಲ್ಲಿ. ಎಲೆಕ್ಟ್ರಿಕ್ ಬಿಲ್ಲಿನ ಚೀಟಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಬೆರಳು ನಡುಗುತ್ತಿದ್ದವು. ನನಗೆ ಭಯವಾಗಿತ್ತು. ಭಯವಾದಾಗ ನಾನು ಬೈಯುತ್ತೇನೆ. "ನೀವು ಇಲ್ಲಿ ಚಕ್ಕರ್ ಬಂದು ಬಿದ್ರ ನಾ ಡಾಕ್ಟರಿಗಿ ಏನಂತ ಹೇಳ್ಲಿ? ದೇವರು ಉಪಾಸ ಇಟ್ಟಾನ ಅಂತ ಹೇಳ್ಲೇನು?" ಅಂದೆ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಅದರಿಂದ ನನಗೆ ಇನ್ನೂ ಸಂಕಟವಾಯಿತು.

ಮಗಳು ಸಣ್ಣವಳನ್ನು ಎತ್ತಿಕೊಂಡು ಹೊರಗೆ ಹೋಗಲು ನೋಡಿದಳು. ಯಾವಾಗಲೂ ಹಾರಿ ಬರುವವಳು ಅವತ್ತು ಒಂದೇ ಕೈ ಎತ್ತಿದಳು, ಬಲಗೈ. ಎಡಗೈ ಹೊಟ್ಟೆಯ ಮೇಲೇ ಇತ್ತು. ಎತ್ತಿಕೊಂಡರೆ ಕೊಸರಿಕೊಂಡು ಇಳಿದಳು. ಬಿಸಿಲೇರಿತ್ತು. ನಾನು ಸ್ವೆಟರ್ ತೆಗೆಯಲು ಹೋದೆ. ಅದು ಆಯಿಯೇ ಹೆಣೆದದ್ದು, ಕೆಳಗಿನ ಅಂಚು ಬಿಗಿಯಾಗಿತ್ತು. ಅವಳು ಒಮ್ಮೆಲೇ ಅಳಲು ಶುರು ಮಾಡಿದಳು. ಅವಳು ಅಳುವುದೇ ಅಪರೂಪ. ಎಲ್ಲರ ಗಾಬರಿ ನೋಡಿ ಹೆದರಿದ್ದಾಳೆ ಅಂದುಕೊಂಡು ಹಾಗೇ ಬಿಟ್ಟೆ.

ಆ ಹೊತ್ತಿಗೆ ಮಗ ಹುಡುಕುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತಿದ್ದ. ದಣಿದಿದ್ದಾನೆ ಎಂದು ನಾನು ತಿಳಿದೆ. ಅವನು ಯೋಚಿಸುತ್ತಿದ್ದ.

"ಮಮ್ಮಿ, ಮದಲಿಂದ ಮತ್ತೊಮ್ಮೆ ಮಾಡಿ ನೋಡೋಣೇನು?" ಅಂದ. "ಆಯಿ ಪೂಜಿಗಿ ಕುಂದರ್ಲಿ. ಇಕಿ ಏನ್ ಮಾಡ್ತಾಳ ನಾವು ದೂರ ನಿಂತು ನೋಡೋಣ."

"ಹೌದು," ಎಂದು ಮಗಳೂ ಅಂದಳು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡಿದ್ದು ಅವತ್ತೇ. "ಇಕಿ ಯಾರ ಸಾಮಾನು ಹಿಡದ್ರೂ ಅವರಂಗೇ ಮಾಡ್ತಾಳ. ಪಪ್ಪನ ಫೋನು ಹಿಡದ್ರ ಕಿವಿಗಿ ಇಟ್ಕೋತಾಳ. ನಿನ್ನ ಲತ್ತುಡಿ ಹಿಡದ್ರ ನೆಲದ ಮ್ಯಾಲ ಚಪಾತಿ ಲಟ್ಟಸ್ತಾಳ."

"ಪೂಜಿ ಅಂದ್ರ ನಾಟಕ ಮಾಡ್ಕೊಂಡೀರೇನು?" ಎಂದರು ಆಯಿ. ಆದರೆ ಬೇರೆ ದಾರಿ ಇರಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು, ಮಣೆಯ ಮುಂದೆ ಹೋಗಿ ಕೂತರು. ನಾವು ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ಸಣ್ಣವಳು, ಮಗ ಅಂದುಕೊಂಡಂತೆಯೇ, ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿದಳು.

ಆಯಿ ಎಡಗೈ ಚಾಚಿದರು. ಅಂಗೈ ಖಾಲಿ ಇತ್ತು. ಇಲ್ಲದ ಲಿಂಗಕ್ಕೆ ಭಸ್ಮ ಹಚ್ಚಿದರು, ಇಲ್ಲದ ಪತ್ರಿ ಏರಿಸಿದರು, ಖಾಲಿ ಅಂಗೈಯನ್ನು ದಿಟ್ಟಿಸಿದರು. ಮೊದಮೊದಲು ಮೊಮ್ಮಕ್ಕಳ ಸಲುವಾಗಿಯೇ ಮಾಡುತ್ತಿದ್ದರು, ಅದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಯಾವಾಗಲೋ ನಿಜವಾಗಿಯೇ ಕಣ್ಣು ಮುಚ್ಚಿದರು. ನಾವು ನಿಂತಿರುವುದನ್ನು ಮರೆತಿದ್ದರು. ಆ ಖಾಲಿ ಕೈ ನೋಡಿ ನನಗೆ ಅಳು ಬಂತು.

ಸಣ್ಣವಳು ಆ ಕೈ ನೋಡಿದಳು, ಆಯಿಯ ಮುಖ ನೋಡಿದಳು. ಮತ್ತೆ ಕೈ ನೋಡಿದಳು. ನಗುತ್ತಿರಲಿಲ್ಲ. ಆಮೇಲೆ ಸ್ವೆಟರಿನ ಕೊರಳಿನಲ್ಲಿ ಕೈ ಹಾಕಿ ತಡಕಾಡಿದಳು. ಸಿಗಲಿಲ್ಲ. ಕೆಳಗಿನ ಬಿಗಿ ಅಂಚನ್ನು ಹಿಡಿದು ಎಳೆದಳು. ಮಡಿಲಿಗೆ ಕರ್ರಗಿನದೊಂದು ಬಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು, ಮುಂದೆ ಸರಿದು, ಆಯಿಯ ಅಂಗೈ ಮೇಲೆ ಇಟ್ಟಳು.

ಆಯಿ ಕಣ್ಣು ತೆರೆಯಲಿಲ್ಲ. ಬೆರಳುಗಳು ಮಾತ್ರ ಮೆಲ್ಲಗೆ ಮುಚ್ಚಿಕೊಂಡವು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಸಣ್ಣವಳು ಎದ್ದು ನಿಂತು ಎರಡೂ ಕೈ ಮೇಲೆತ್ತಿದಳು.

ಅದನ್ನು ತೊಳೆದು, ಹೊಸ ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡ ಮೇಲೆಯೇ ಆಯಿ ನನ್ನ ಸಕ್ಕರೆ ನೀರು ಕುಡಿದರು. ಆಮೇಲೆ ರೊಟ್ಟಿ, ಮೊಸರು, ಶೇಂಗಾ ಹಿಂಡಿ. ಬೆರಳ ನಡುಕ ನಿಂತ ಮೇಲೆಯೇ ನಾನು ತಲೆ ಬಾಚಿಕೊಂಡೆ. ಸಣ್ಣವಳು ಅವರ ತೊಡೆಯ ಮೇಲೆ ಕೂತು ಪ್ರತಿ ತುತ್ತಿಗೂ ಬಾಯಿ ತೆರೆಯುತ್ತಿದ್ದಳು.

ದೊಡ್ಡವರ ವಾದ ಅಲ್ಲೇ ಶುರುವಾಯಿತು. "ನಾ ಹೇಳಿದ್ದೆ, ಆಯಿ ಕೊರಳಿಗಿ ಹಾಕ್ಕೋತಾಳ, ಇಕೀನೂ ಹಾಕ್ಕೊಂಡಾಳ," ಎಂದಳು ಮಗಳು. ಮುಚ್ಚಿಟ್ಟು ಆಡುವ ಆಟ ಅದು ಎಂದ ಮಗ. ಯಾಕೆ ತೊಗೊಂಡಳು, ತೊಗೊಂಡವಳು ಯಾಕೆ ಕೊಟ್ಟಳು? ನನಗೂ ಅದೇ ಕುತೂಹಲ. ನಾನು ಆಯಿಯನ್ನೇ ಕೇಳಿದೆ.

ಆಯಿ ಸಣ್ಣವಳ ಬಾಯಿಯೊರೆಸುತ್ತ ಹೇಳಿದರು: "ಇಕೀನ ಯಾರರ ನೆಲಕ್ಕ ಬಿಟ್ಟು ಹೋದ್ರ ಏನ್ ಮಾಡ್ತಾಳ? ಕೈ ಎತ್ತಿ ನಿಂದರ್ತಾಳ. ನಾ ಲಿಂಗ ಒಂದೇ ಬಿಟ್ಟು ಎದ್ದು ಹೋದ್ನಿ. ಪಾಪ, ಅದಕ್ಕ ಕೈ ಇಲ್ಲ. ಅದಕ್ಕೇ ಕೂಸು ತಾನ ಎತ್ತಿಕೊಂಡದ."

ಸಂಜೆ ಅವರಪ್ಪ ಕೆಂಪು ಬಾಳೆಯ ಗೊನೆ ಹೊತ್ತು ಕಮಲಾಪುರದಿಂದ ಬಂದಾಗ ಮೂರು ಮಂದಿ ಮೂರು ಬಗೆಯಲ್ಲಿ ಕಥೆ ಹೇಳಿದೆವು. ಸಣ್ಣವಳನ್ನು ಕೇಳಿದರೆ ಫ್ಯಾನು ತೋರಿಸಿದಳು.

ನಾನು ಅಂದುಕೊಂಡಿದ್ದೆ, ಇನ್ನು ಮೇಲೆ ಆಯಿ ಪೂಜೆಗೆ ಕೂತಾಗ ಸಣ್ಣವಳನ್ನು ದೂರ ಇಡುತ್ತಾರೆ ಎಂದು. ಮರುದಿನ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕೂರಿರಿ ಎಂದು ಹೇಳಿಯೂ ಹೇಳಿದೆ. ಆಯಿ ಅದೇ ಮೂಲೆಯಲ್ಲಿ ಮಣೆ ಇಟ್ಟುಕೊಂಡು ಕೂತರು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ, ಹಾಲು ಇಟ್ಟಿದ್ದೆ. ಆಯಿ ಪೂಜೆಗೆ ಕೂತಿದ್ದರು, ಎದುರಿಗೆ ಸಣ್ಣವಳು. ಹೊರಗೆ ಯಾರೋ ಬಾಗಿಲು ಬಡಿದರು. ನಾನು ಹೋಗಬೇಕು ಅನ್ನುವಷ್ಟರಲ್ಲಿ ಆಯಿಯೇ ಏಳುವುದು ಕಾಣಿಸಿತು. ಎದ್ದವರು ಒಂದು ಗಳಿಗೆ ನಿಂತರು. ಮಣೆಯ ಕಡೆಗೆ ಬಾಗಲಿಲ್ಲ. ಸಣ್ಣವಳ ಎಡಗೈ ಹಿಡಿದು, ಅದರ ಬೆರಳು ಬಿಡಿಸಿ, ಲಿಂಗವನ್ನು ಆ ಪುಟ್ಟ ಅಂಗೈ ಮೇಲಿಟ್ಟರು.

"ಹಿಡ್ಕೊಂಡಿರವ್ವ, ಈಗ ಬಂದೆ," ಎಂದು ಹೇಳಿ ಬಾಗಿಲಿಗೆ ಹೋದರು.

ಯಾರು ಬಂದರೂ ಬಾಗಿಲಿಗೆ ಓಡುವವಳು ಏಳಲಿಲ್ಲ. ಅಂಗೈಗೆ ಬಲಗೈ ಆಸರೆ ಕೊಟ್ಟು, ಅದನ್ನೇ ನೋಡುತ್ತ ಕೂತಳು. ಆಯಿ ತಿರುಗಿ ಬಂದು ಕೂತು ತಮ್ಮ ಕೈ ಚಾಚುವವರೆಗೂ ಕೂತೇ ಇದ್ದಳು. ನಾನು ಅದನ್ನು ನೋಡುತ್ತ ನಿಂತುಬಿಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದು ವಾಸನೆ ಬಂದ ಮೇಲೆಯೇ ನನಗೆ ಗೊತ್ತಾಯಿತು.