ಎದುರಾಗುವ ಸಂಭವ

ಗೋಡೆಯ ಮೇಲೆ ಎದುರುಬದುರಾಗಿ ಹೊರಟ ಎರಡು ಇರುವೆಗಳು, ಆಚೀಚೆ ಬೇಕಾದಷ್ಟು ಸುಣ್ಣ ಬಳಿದ ಬಯಲಿದ್ದರೂ, ನೇರವಾಗಿ ಬಂದು ಒಂದಕ್ಕೊಂದು ಮೂತಿ ತಾಗಿಸಿ, ಕ್ಷೇಮಸಮಾಚಾರ ವಿಚಾರಿಸಿದಂತೆ ಕ್ಷಣಕಾಲ ನಿಂತು, ಆಮೇಲೆಯೇ ಮುಂದೆ ಸಾಗುವುದನ್ನು ನೀವೂ ನೋಡಿರಬಹುದು. ಕೆಲಸವಿಲ್ಲದವರು ಮಾತ್ರ ಇಂಥದ್ದನ್ನು ನೋಡುತ್ತಾರೆ ಎಂಬುದು ನನ್ನ ಹೆಂಡತಿ ಗಿರಿಜೆಯ ಅಭಿಪ್ರಾಯ. ಪೆನ್ಷನ್ ಪಡೆದು ಮನೆಯ ಚಾವಡಿಯ ಕುರ್ಚಿಗೆ ವರ್ಗವಾದ ಗುಮಾಸ್ತನಾದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಇಷ್ಟು ವಿಶಾಲವಾದ ಗೋಡೆಯಲ್ಲಿ ಅಷ್ಟು ಅಲ್ಪವಾದ ಎರಡು ಜೀವಗಳು ಸಂಧಿಸುವ ಸಂಭವವೆಷ್ಟು ಎಂದು ಕೇಳಿಕೊಳ್ಳುವ ಚಟ ಮಾತ್ರ ನನ್ನ ಸ್ವಂತದ್ದಲ್ಲ. ಅದು ಗಿರಿಜೆಯ ಅಣ್ಣ ಶೀನಪ್ಪ ಭಾವನಿಂದ ನನಗೆ ಅಂಟಿದ್ದು.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದ ಆ ಕಾಲದಲ್ಲಿ ಭಾವ ಮಂಗಳೂರು ಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾಗಿದ್ದರು. ದೇರೆಬೈಲಿನ ತಮ್ಮ ಮನೆಯ ಜಗಲಿಯಲ್ಲಿ ಕುಳಿತು, ಆಕಾಶದಲ್ಲಿ ಸುತ್ತುವ ಹದ್ದಿಗೆ ತೆಂಗಿನ ಮರದಿಂದ ಹಾರಿದ ಕಾಗೆ ಅಡ್ಡಬರುವ ಸಂಭವವೆಷ್ಟೆಂದು ಯೋಚಿಸತೊಡಗಿದರೆ, ಊಟಕ್ಕೆ ಕರೆದ ದನಿ ಅವರ ಕಿವಿಯನ್ನು ಸಂಧಿಸುವ ಸಂಭವ ಬಹಳ ಕಡಿಮೆಯಾಗುತ್ತಿತ್ತು. ಚಲಿಸುವ ಎರಡು ವಸ್ತುಗಳು ಒಂದೇ ಜಾಗಕ್ಕೆ ಬಂದರೆ ಸಾಲದು, ಒಂದೇ ಹೊತ್ತಿಗೆ ಬರಬೇಕು. ಆದ್ದರಿಂದ ದಾರಿ ಕೂಡಿಬರುವ ಸಂಭವವನ್ನು ಹೊತ್ತು ಕೂಡಿಬರುವ ಸಂಭವದಿಂದ ಗುಣಿಸಬೇಕು, ಗುಣಿಸಿದಷ್ಟೂ ಅದು ಸಣ್ಣದಾಗುತ್ತದೆ ಎಂಬುದು ಅವರ ಶಾಸ್ತ್ರದ ಸಾರ. ಗುಣಿಸಿದರೆ ಹೆಚ್ಚಾಗಬೇಕಾದದ್ದು ಸಣ್ಣದಾಗುವುದೆಂದರೆ ಮಗನ ಓದಿನಲ್ಲೇ ಏನೋ ಐಬಿದೆ ಎಂದು ಅವರ ತಾಯಿ, ಎಂದರೆ ನನ್ನ ಅತ್ತೆ, ಕೊನೆಯವರೆಗೂ ನಂಬಿದ್ದರು.

ಒಮ್ಮೆ ನಾವೆಲ್ಲ ಉಳ್ಳಾಲದ ಮದುವೆಯೊಂದಕ್ಕೆ ಹೊರಟಿದ್ದೆವು. ನೇತ್ರಾವತಿಗೆ ಆಗ ರೈಲಿನ ಸೇತುವೆಯೊಂದೇ ಇದ್ದದ್ದು. ರೈಲು ಹತ್ತದವರಿಗೆ ದೋಣಿಯೇ ಗತಿ. ನಡು ಹೊಳೆಯಲ್ಲಿ ಹಂಚು ಹೇರಿದ ಹಾಯಿದೋಣಿಯೊಂದು ದೂರದಿಂದ ಕಾಣಿಸಿಕೊಂಡಾಗ, ಹೆದರಿದ ಹೆಂಗಸರಿಗೆ ಧೈರ್ಯ ಹೇಳಲೆಂದು ಭಾವ ತಮ್ಮ ಶಾಸ್ತ್ರವನ್ನು ಬಿಚ್ಚಿದರು. ಎರಡು ದೋಣಿ ತಾಗುವ ಸಂಭವ ನೂರಕ್ಕೆ ಒಂದೂ ಇಲ್ಲವೆಂದು ಅವರು ಎಷ್ಟು ಸೊಗಸಾಗಿ ವಿವರಿಸಿದರೆಂದರೆ, ನಮ್ಮ ದೋಣಿಯವನೂ ಹುಟ್ಟು ಹಾಕುವುದನ್ನು ಮರೆತು ಬಾಯಿ ತೆರೆದು ಕೇಳುತ್ತ ಕುಳಿತ. ಹಾಯಿದೋಣಿ ನಮ್ಮ ದೋಣಿಯ ಪಕ್ಕೆಯನ್ನು ಉಜ್ಜಿ, ನೀರೆರಚಿಕೊಂಡೇ ಹೋಯಿತು. ಮದುವೆಗೆಂದು ಉಟ್ಟ ಸೀರೆಯನ್ನು ಹಿಂಡುತ್ತಿದ್ದ ಅತ್ತೆ ಮಗನನ್ನು ಬರಿದೇ ಒಮ್ಮೆ ನೋಡಿದರು. "ನೂರಕ್ಕೆ ಒಂದಿಲ್ಲ ಅಂದದ್ದು, ಸೊನ್ನೆ ಅಂತ ನಾನು ಹೇಳಲಿಲ್ಲ" ಎಂದರು ಭಾವ.

ಇಂಥ ಭಾವನ ಲೆಕ್ಕವನ್ನು ನಗದೆ ನೆನೆಯುವ ದಿನವೊಂದಿದೆ. ನಮ್ಮ ಮೊದಲ ಕೂಸು ಹುಟ್ಟಿ ಒಂದು ಹಗಲೂ ಉಳಿದಿರಲಿಲ್ಲ. ಎರಡನೆಯ ಬಾರಿ ಗರ್ಭಿಣಿಯಾದ ಗಿರಿಜೆ ಹೆರಿಗೆಗೆಂದು ದೇರೆಬೈಲಿನ ತವರಿಗೆ ಬಂದಿದ್ದಳು. ಪೇಟೆಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ, ಅತ್ತೆಗೆ ಬಹುಕಾಲದ ಪರಿಚಯದ ಸೆರಾಫಿನಾ ಬಾಯಿ ದಿನ ತುಂಬಿದಾಗ ಮನೆಗೇ ಬಂದು ನೋಡಿಕೊಳ್ಳುವುದೆಂದು ಮಾತಾಗಿತ್ತು. ಮನೆಯಲ್ಲಿ ಕೊಂಕಣಿ ಆಡುವ, ನಮ್ಮೊಡನೆ ತುಳು, ಕನ್ನಡ ಎರಡನ್ನೂ ಬೆರೆಸಿ ಗದರಿಸುವ ಆಕೆಯ ಮೇಲೆ ಗಿರಿಜೆಗೆ ದೇವರ ಮೇಲಿನಷ್ಟೇ ಭರವಸೆ.

ಬೇಸಗೆಯ ಒಂದು ಭಾನುವಾರ, ನಾನೂ ಅಲ್ಲಿಗೆ ಹೋಗಿದ್ದ ಹೊತ್ತಿನಲ್ಲಿ, ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಬಾಯಿಯನ್ನು ಜಟಕಾದಲ್ಲಿ ಕರೆತರುತ್ತೇನೆಂದು ಭಾವ ಸೈಕಲ್ ಹತ್ತಿ ಪೇಟೆಗೆ ಧಾವಿಸಿದರು. ಅವರು ಹೋದ ಮೇಲೆ ನೋವು ಏರಿತು, ರಕ್ತವೂ ಕಂಡಿತು. ಅತ್ತೆ ಸೆರಗಿಗೆ ಕೈ ಒರೆಸುತ್ತ ಒಳಗಿನಿಂದ ಬಂದರು.

"ಇನ್ನು ಕಾಯುವುದು ಬೇಡ, ಆಸ್ಪತ್ರೆಗೇ ಹೋಗುವ" ಎಂದರು.

ನೆರೆಮನೆಯ ತನಿಯಪ್ಪ ತನ್ನ ಕಮಾನುಗಾಡಿಗೆ ಹುಲ್ಲು ಹಾಸಿ ಎತ್ತು ಕಟ್ಟಿದ. ಗಿರಿಜೆಯನ್ನು ಮಲಗಿಸಿ, ಅತ್ತೆ ಒಳಗೆ ಕುಳಿತು, ನಾನು ಪಕ್ಕದಲ್ಲಿ ನಡೆಯುತ್ತ ಹೊರಟೆವು. ಸ್ವಲ್ಪ ದೂರದಲ್ಲಿ ದಾರಿ ಕವಲಾಗುತ್ತಿತ್ತು. ಬಿಜೈಯ ದಾರಿ ಹತ್ತಿರದ್ದು, ಆದರೆ ಇಳಿಜಾರು, ಬರೀ ಕಲ್ಲು. ಕೊಟ್ಟಾರದ ಕಡೆಯದ್ದು ಸುತ್ತು, ಆದರೆ ಗದ್ದೆಯಂಚಿನ ಮೆತ್ತಗಿನ ಹೊಯಿಗೆ ಮರಳಿನ ದಾರಿ. ಗಾಡಿ ನಿಲ್ಲಿಸಿ ತನಿಯಪ್ಪ ನನ್ನ ಮುಖ ನೋಡಿದ.

ಆ ಕವಲಿನಲ್ಲಿ ನಿಂತು, ಜನ್ಮದಲ್ಲಿ ಮೊದಲ ಬಾರಿಗೆ, ನಾನೇ ಭಾವನ ಲೆಕ್ಕವನ್ನು ಹಾಕಿದೆ. ಲೆಕ್ಕದ ಮನುಷ್ಯ ಹತ್ತಿರದ ದಾರಿಯನ್ನು ಬಿಟ್ಟು ಬರಲಾರ. ಬಿಜೈಯ ಕಡೆ ತಿರುಗಿದರೆ ಬಾಯಿ ಎದುರು ಸಿಕ್ಕಿಯೇ ಸಿಗುತ್ತಾರೆ. ಆದರೆ ಆ ಕಲ್ಲುಗಳ ಮೇಲೆ ಗಾಡಿ ಎಗರುವುದನ್ನು ನೆನೆದರೆ ನನ್ನ ಕಾಲೇ ಮುಂದೆ ಹೋಗದು. ಕೊಟ್ಟಾರಕ್ಕೆ ತಿರುಗಿಸಲು ಹೇಳಿದೆ.

ಒಳಗಿನಿಂದ ಗಿರಿಜೆ ಕ್ಷೀಣವಾಗಿ ಕೇಳಿದಳು: "ಅಣ್ಣ ಆಚೆ ದಾರಿಯಲ್ಲಿ ಬಂದರೆ?"

ನಾನು ಕಮಾನಿನ ಒಳಗೆ ಕೈ ಚಾಚಿ ಅವಳ ಕಾಲನ್ನು ಹಿಡಿದುಕೊಂಡು ನಡೆದೆ. ಕೊಯ್ಲಾದ ಗದ್ದೆಗಳಲ್ಲಿ ಬಿಸಿಲು ಕುದಿಯುತ್ತಿತ್ತು. ಆ ದಾರಿಯುದ್ದಕ್ಕೂ ನಾನು ಮಾಡಿದ ಪ್ರಾರ್ಥನೆಯಲ್ಲಿ ನಮ್ಮ ದೇವರೂ ದೈವಗಳೂ ಮುಗಿದು, ಸೆರಾಫಿನಾ ಬಾಯಿಯ ಇಗರ್ಜಿಯ ಮಾತೆಯೂ ಸೇರಿಹೋದರೆಂದು ತೋರುತ್ತದೆ.

ಗದ್ದೆಯ ತಿರುವಿನಾಚೆ ಕುದುರೆಯ ಗೆಜ್ಜೆ ಕೇಳಿಸಿತು. ಜಟಕಾದವನ ಪಕ್ಕದಲ್ಲಿ, ಬೆವರಿಗೆ ಅಂಗಿ ಮೈಗಂಟಿದ್ದ ಶೀನಪ್ಪ ಭಾವ ಕುಳಿತಿದ್ದರು. ಜಟಕಾ ನಿಲ್ಲುವ ಮೊದಲೇ ಹಿಂದಿನಿಂದ ಇಳಿದ ಸೆರಾಫಿನಾ ಬಾಯಿ ಯಾರನ್ನೂ ಏನನ್ನೂ ಕೇಳದೆ ನಮ್ಮ ಗಾಡಿ ಹತ್ತಿದರು. ಆಸ್ಪತ್ರೆಗೆ ಹೋಗುವಷ್ಟು ಹೊತ್ತಿಲ್ಲವೆಂದೂ, ಗಾಡಿಯನ್ನು ನೆರಳಿಗೆ ಎಳೆಯಬೇಕೆಂದೂ, ಗಂಡಸರು ದೂರ ಹೋಗಬೇಕೆಂದೂ ಒಳಗಿನಿಂದಲೇ ಅಪ್ಪಣೆಯಾಯಿತು. ಕಮಾನಿನ ಹಿಂದಕ್ಕೂ ಮುಂದಕ್ಕೂ ಸೀರೆ ಇಳಿಯಿತು.

ಗದ್ದೆಯ ಬದುವಿನ ಮೇಲೆ ನಾನೂ ಭಾವನೂ ಗಾಡಿಗೆ ಬೆನ್ನು ಹಾಕಿ ನಿಂತೆವು. ಹಿಂದೆ ಗಿರಿಜೆಯ ನರಳಾಟ. ಅದು ಕಿವಿಗೆ ಬೀಳದಿರಲೆಂದೇ ನಾನು, ಹತ್ತಿರದ ದಾರಿಯನ್ನು ಬಿಟ್ಟು ಇತ್ತ ಬಂದದ್ದೇಕೆಂದು ಕೇಳಿದೆ.

ಭಾವ ಗದ್ದೆಯನ್ನು ನೋಡುತ್ತಲೇ ಹೇಳಿದರು: "ಲೆಕ್ಕ ಹಾಕಿದ್ರೆ ಬಿಜೈಯಲ್ಲೇ ಬರಬೇಕಿತ್ತು. ಜಟಕಾದವನೂ ಅದನ್ನೇ ಹೇಳಿದ. ಆದ್ರೆ ಭಾವ, ನೀವು ಹೆದರುವ ಜನ ಅಂತ ನನಗೆ ಗೊತ್ತುಂಟಲ್ಲ. ನೋವು ಜೋರಾದ್ರೆ ನೀವು ಮನೆಯಲ್ಲಿ ಕಾಯುವುದಿಲ್ಲ, ಹೊರಟ್ರೆ ಕಲ್ಲಿನ ಮೇಲೆ ಗಾಡಿ ಬಿಡುವುದೂ ಇಲ್ಲ."

ನಾನು ಏನಾದರೂ ಹೇಳುವ ಮೊದಲೇ ಬೆನ್ನ ಹಿಂದೆ ಕೂಸಿನ ಅಳು ಕೇಳಿಸಿತು. ಇಡೀ ಕೊಟ್ಟಾರಕ್ಕೇ ದೂರು ಕೊಡುವಂಥ ಅಳು. ಸೀರೆಯ ಸಂದಿನಿಂದ ಮುಖ ಹಾಕಿದ ಸೆರಾಫಿನಾ ಬಾಯಿ, "ಹೆಣ್ಣು. ತಾಯಿಗೆ ಎಂತದೂ ಇಲ್ಲ. ನೀವು ಕೂತುಕೊಳ್ಳಿ ಮಾರಾಯ್ರೆ, ಈಗ ಬೀಳ್ತೀರಿ" ಎಂದರು. ನಾನು ಕುಳಿತೆ. ನನಗಿಂತ ಮೊದಲೇ ಭಾವ ಕುಳಿತಿದ್ದರು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು.

ಸಂಭವವೆಂಬ ಶಬ್ದಕ್ಕೆ ಹುಟ್ಟು ಎಂಬ ಅರ್ಥವೂ ಉಂಟೆಂದು ನಿಘಂಟು ಹೇಳುತ್ತದೆ. ಎರಡೂ ಅರ್ಥ ನನಗೆ ಆ ಬದುವಿನ ಮೇಲೆ ಒಟ್ಟಿಗೆ ತಿಳಿದವು. ಒಂದರ ಇರವು ಇನ್ನೊಂದಕ್ಕೆ ತಿಳಿಯದ ಹದ್ದಿಗೂ ಕಾಗೆಗೂ ಭಾವನ ಗುಣಾಕಾರ ಸರಿಯೇ. ಒಬ್ಬರು ಇನ್ನೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಗಣನೆ ಬೇರೆಯಾಗುತ್ತದೆ. ಇದನ್ನು ಭಾವನೊಡನೆ ಚರ್ಚಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅವರು ತೀರಿಕೊಂಡರು, ಚರ್ಚೆ ಉಳಿಯಿತು. ಈಗ ಪೇಟೆಗೆ ಹೋದರೆ ಹೆಜ್ಜೆಗೊಬ್ಬರು ಎದುರಾಗುತ್ತಾರೆ, ಕೆಲವರು ಢಿಕ್ಕಿಯೂ ಹೊಡೆಯುತ್ತಾರೆ. ನನ್ನ ಹೆದರಿಕೆಯನ್ನು ನನಗಿಂತ ಮೊದಲೇ ಅರಿತು, ಅದು ಹಿಡಿಯುವ ದಾರಿಗೇ ತಿರುಗಿ ಎದುರು ಬರುವವರು ಮಾತ್ರ ಇನ್ನು ಯಾರೂ ಇಲ್ಲ.

ಇಷ್ಟು ಬರೆದು ನಿಟ್ಟುಸಿರು ಬಿಟ್ಟದ್ದನ್ನು ಕೇಳಿ ಗಿರಿಜೆ ಬಂದು, ಕನ್ನಡಕ ಏರಿಸಿ ಕೊನೆಯ ಸಾಲನ್ನು ಓದಿದಳು.

"ಯಾರೂ ಇಲ್ಲವಾ? ನೀವು ಪೇಟೆಯಿಂದ ಬರುವುದು ತಡವಾದ್ರೆ ಕೊಡೆ ಹಿಡಿದು ಬಸ್ಸಿನ ಹತ್ತಿರ ಬಂದು ನಿಲ್ಲುವುದು ಯಾರು ಮತ್ತೆ?"