ಅಡ್ವಾನ್ಸ್ ಕೇಳದ ಊರು

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಮೇಲಿನ ಫ್ಲಾಟಿನಲ್ಲಿದ್ದ ಆಕೆಯ ಮುಖ ನನಗೆ ಸರಿಯಾಗಿ ನೆನಪಿಲ್ಲ. ನೆನಪಿದೆ ಎಂದುಕೊಂಡಾಗಲೆಲ್ಲ ಬೇರೆ ಯಾರದೋ ಮೂಗು ಬಂದು ಕೂರುತ್ತದೆ. ಅಂಗಡಿಯಲ್ಲಿ ಕೊತ್ತಂಬರಿ ಕಟ್ಟು ಎತ್ತಿ, ಪೌಂಡಿನ ಬೆಲೆಯನ್ನು ಮನಸ್ಸಿನಲ್ಲೇ ರೂಪಾಯಿ ಮಾಡಿ, ಬಿಸಿ ತಾಗಿದಂತೆ ಅಲ್ಲೇ ಇಟ್ಟುಬಿಡುವ ಕೈ ಮಾತ್ರ ಖಂಡಿತ ಅವರದು. "ವಿಜಯಪುರದಾಗ ಇದಕ್ಕ ಎಷ್ಟ ಗೊತ್ತೇನ್ರಿ ಅಕ್ಕಾರ?" ಎನ್ನುತ್ತಿದ್ದರು. ಹೀಟರ್ ಹಚ್ಚುವುದಕ್ಕೂ ಅದೇ ಲೆಕ್ಕ. ಅದಕ್ಕೇ ಮನೆಯೊಳಗೂ ಅವರ ಕೂಸಿಗೆ ಕುಲಾಯಿ, ಕೋಟು.

ಒಂದು ಚಳಿಗಾಲದ ಮಧ್ಯಾಹ್ನ ನಮ್ಮ ಬಾಗಿಲು ಬಡಿದರು. ಅವರ ಗಂಡ ಏರ್‌ಪೋರ್ಟಿನಲ್ಲಿ ಶಿಫ್ಟಿನಲ್ಲಿದ್ದ. ಹೆಗಲ ಮೇಲಿದ್ದ ಕೂಸಿನ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು, ತುಟಿ ನೀಲಿಯಾಗಿತ್ತು. "ಇಲ್ಲಿ ದವಾಖಾನ್ಯಾಗ ಅಡ್ವಾನ್ಸ್ ಎಷ್ಟ ಕಟ್ಟಬೇಕ್ರಿ?" ಎಂದ ಅವರ ಮುಷ್ಟಿಯಲ್ಲಿ ಆಗಲೇ ಬಿಚ್ಚಿಕೊಂಡ ಬಂಗಾರದ ಬಳೆಗಳಿದ್ದವು.

"ಏನೂ ಕಟ್ಟೋದು ಬೇಡ" ಎಂದು ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ.

ಆಂಬುಲೆನ್ಸಿನಲ್ಲಿ ಕೂಸಿಗೆ ಮಾಸ್ಕ್ ಹಾಕಿದ ಹುಡುಗಿಯತ್ತ ಅವರು ಬಳೆ ಚಾಚಿದರು. ಆಕೆ ನಕ್ಕು, ಅವರ ಬೆರಳುಗಳನ್ನು ಬಳೆಗಳ ಮೇಲೆ ಮೆಲ್ಲಗೆ ಮಡಚಿದಳು. ಅವರು ತಿರುಗಿ ನನ್ನ ತೋಳು ಹಿಡಿದುಕೊಂಡದ್ದು ಆಗ.

"ರೊಕ್ಕ ಒಲ್ಲೆ ಅನ್ನಾಕತ್ತಾಳಲ್ರಿ. ನಮ್ಮ ಕಡೆ ಡಾಕ್ಟರ್ ರೊಕ್ಕ ಬ್ಯಾಡ ಅಂದ್ರ, ಇನ್ನ ಮನಿಗೆ ಒಯ್ರಿ ಅಂದಂಗ. ಖರೇ ಹೇಳ್ರಿ ಅಕ್ಕಾರ, ಕೂಸು ಉಳೀತೈತೋ ಇಲ್ಲೋ?"

ವಾರದೊಳಗೆ ಕೂಸು ಮನೆಗೆ ಬಂತು ಎಂಬುದು ನಿಜ. ನನ್ನ ನೆನಪು ಮಾತ್ರ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅದು ಇನ್ನೂ ಆಂಬುಲೆನ್ಸಿನಲ್ಲೇ ಕುಳಿತು, ಮಾಸ್ಕಿನೊಳಗೆ ಮುಂದಿನ ಉಸಿರಿನ ಮಂಜು ಮೂಡುವುದನ್ನು ಕಾಯುತ್ತಿದೆ.