ಎಡಗೆನ್ನೆಯ ಅಣ್ಣ

ಸ್ವಂತ ಹೆಂಡತಿ ತನ್ನನ್ನು ಕಂಡು ತಲೆ ತುಂಬ ಸೆರಗು ಹೊದ್ದು ಎದ್ದು ನಿಂತ ದಿನ ಶಿವಯೋಗೀಶನಿಗೆ ಮೊದಲು ಸಂತೋಷವೇ ಆಯಿತು. ಮದುವೆಯಾಗಿ ಇಷ್ಟು ವರ್ಷದ ಮೇಲಾದರೂ ಮರ್ಯಾದೆ ಸಿಕ್ಕಿತಲ್ಲ ಎಂದುಕೊಂಡ. ಆಮೇಲೆ ಆರತಿಯ ಮುಖ ನೋಡಿದ. ಅದರಲ್ಲಿ ರಕ್ತವೇ ಇರಲಿಲ್ಲ.

"ಏನಾತು?"

"ಏನಿಲ್ರಿ. ಭಾವಾರು ಬಂದ್ರು ಅನ್ಕೊಂಡೆ."

ಭಾವ ಎಂದರೆ ಶಿವಯೋಗೀಶನ ಅಣ್ಣ ಚನ್ನಯ್ಯ. ಆತ ತೀರಿಕೊಂಡು ಮೂರು ವರ್ಷವಾಗಿತ್ತು.

ಆ ಮನೆತನದಲ್ಲಿ ಗಂಡನ ಅಣ್ಣನ ಎದುರು ಸೊಸೆ ಕೂಡುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ, ಮೈ ಮುಟ್ಟುವುದಂತೂ ದೂರದ ಮಾತು. ನೀರಿನ ತಂಬಿಗೆಯನ್ನೂ ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಚನ್ನಯ್ಯ ಮದುವೆಯಾಗದೆ ಉಳಿದವನು. ಬೈರಿದೇವರಕೊಪ್ಪದ ಅದೇ ಮನೆಯಲ್ಲಿ, ಅದೇ ಪಡಸಾಲೆಯಲ್ಲಿ ಬದುಕಿ, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವನ ಹೆಜ್ಜೆ ಸಪ್ಪಳಕ್ಕೆ ಸೆರಗು ಎಳೆದುಕೊಂಡು ರೂಢಿಯಾದ ಆರತಿಯ ಕೈಗೆ ಮಾತ್ರ ಆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ತಪ್ಪು ಸಕ್ಕರೆ ಕಾಯಿಲೆಯದು. ಶಿವಯೋಗೀಶ ಪೇಡೆ ಬಿಟ್ಟ, ಅನ್ನ ಬಿಟ್ಟ, ದಿನಾ ಬೆಳಿಗ್ಗೆ ಉಣಕಲ್ ಕೆರೆ ಸುತ್ತಿದ. ಸಕ್ಕರೆ ಹತೋಟಿಗೆ ಬಂತು, ತೂಕವೂ ಇಳಿಯಿತು. ಆದರೆ ನಮ್ಮ ವಯಸ್ಸಿನವರ ಹೊಟ್ಟೆಗೆ ಅಷ್ಟು ಸುಲಭವಾಗಿ ವರ್ಗಾವಣೆ ಆಗುವುದಿಲ್ಲ. ಅದು ಇದ್ದಲ್ಲೇ ಇತ್ತು, ತೂಕ ಇಳಿದದ್ದು ಮುಖದಿಂದ. ಪೂರಿಯಂತೆ ಉಬ್ಬಿದ್ದ ಎರಡು ಕೆನ್ನೆಗಳು ಕುಳಿ ಬಿದ್ದವು. ಆ ಕುಳಿಗಳೊಳಗಿಂದ ಚನ್ನಯ್ಯ ಎದ್ದು ಬಂದ.

ಮೊದಲು ಅದನ್ನು ಗುರುತಿಸಿದ್ದು ಓಣಿಯ ನಾಯಿ. ಚನ್ನಯ್ಯನ ಕೈಯಿಂದ ಬಿಸ್ಕೀಟು ತಿಂದು ಬೆಳೆದ ಅದು ಶಿವಯೋಗೀಶನನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡದ್ದಿಲ್ಲ. ಈಗ ಬಾಲ ಅಲ್ಲಾಡಿಸುತ್ತ ಗೇಟಿನ ತನಕ ಬರತೊಡಗಿತು. ಸ್ಟೇಶನ್ ರಸ್ತೆಯ ಅಣ್ಣತಮ್ಮಂದಿರ ಪಂಪ್‌ಸೆಟ್ ಬಿಡಿಭಾಗದ ಅಂಗಡಿಗೆ ಬಂದ ಕಲಘಟಗಿ ಕಡೆಯ ರೈತನೊಬ್ಬ ಮೆಟ್ಟಿಲ ಮೇಲೆಯೇ ನಿಂತು, "ಅಯ್ಯಾರ, ನೀವು ಹೋದಿರಂತ ಹೇಳಿದ್ರಲ್ರಿ," ಎಂದ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಅಣ್ಣನ ಗಡ್ಡ ಹೆರೆಯುತ್ತಿರುವಂತೆ ಅನಿಸಿ ಶಿವಯೋಗೀಶ ಅರ್ಧಕ್ಕೇ ರೇಜರು ಕೆಳಗಿಡುತ್ತಿದ್ದ. ಸತ್ತವರು ಕತ್ತಲಲ್ಲಿ, ಹುಣಸೆಮರದಲ್ಲಿ ಬರುತ್ತಾರೆಂದು ಅವನು ಕೇಳಿದ್ದ. ಹೀಗೆ ಹಗಲು ಹೊತ್ತಿನಲ್ಲಿ, ತನ್ನದೇ ಕೊರಳ ಮೇಲೆ ಬಂದು ಕೂಡುತ್ತಾರೆಂದು ಯಾರೂ ಹೇಳಿರಲಿಲ್ಲ.

ಖುಷಿಯಾಗಿದ್ದವಳು ತಾಯಿ ಮುರಿಗೆವ್ವ ಒಬ್ಬಳೇ. ದೊಡ್ಡ ಮಗ ಹೋದಾಗಿನಿಂದ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದವಳು ಈಗ, "ಚನ್ನಾ, ಬಾ, ನನ್ನ ಮಗ್ಗಲಕ್ಕ ಕೂಡು," ಎಂದು ಕರೆದು, ಇಡೀ ರೊಟ್ಟಿ ಉಣ್ಣುತ್ತಿದ್ದಳು. ಶಿವಯೋಗೀಶ ಏನು ಮಾಡಬೇಕು? "ಓ" ಎನ್ನುತ್ತಿದ್ದ. ಪ್ರತಿ ಸಲ ಓಗೊಟ್ಟಾಗಲೂ ತಾನು ಒಂದಿಷ್ಟು ಕಡಿಮೆಯಾದಂತೆ ಅನಿಸುತ್ತಿತ್ತು.

ಅತ್ತ ಆರತಿ ತನ್ನ ಹಾಸಿಗೆಯನ್ನು ಅತ್ತೆಯ ಕೋಣೆಗೆ ಸಾಗಿಸಿದಳು. "ಅತ್ತಿಯಾರಿಗೆ ಕೆಮ್ಮೈತಿ, ನೋಡ್ಕೊಳ್ಳಾಕ ಯಾರರೆ ಬೇಕಲ್ರಿ," ಎಂದಳು. ಮುರಿಗೆವ್ವನಿಗೆ ಕೆಮ್ಮು ಇರಲೇ ಇಲ್ಲ.

"ನಾ ನಿನ್ನ ಗಂಡ ಇದ್ದೇನಿ, ಆರತಿ," ಎಂದ ಶಿವಯೋಗೀಶ ಒಂದು ದಿನ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಇಂಥ ಮಾತನ್ನು ಬಾಯಿ ಬಿಟ್ಟು ಹೇಳಬೇಕಾದ ಗಂಡಸು ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಆರತಿ ಗೋಡೆ ನೋಡುತ್ತ ಹೇಳಿದಳು, "ಮನಸಿಗೆ ಗೊತ್ತೈತ್ರಿ. ಕೈಗೆ ಗೊತ್ತಿಲ್ಲ."

ಹಾಗಾದರೆ ಹಳೆಯ ಕೆನ್ನೆಗಳನ್ನು ವಾಪಸು ತರಬೇಕು, ಬೇರೆ ದಾರಿಯಿಲ್ಲ ಎಂದು ಅವನು ತೀರ್ಮಾನಿಸಿದ. ಕುಳಿ ಬಿದ್ದಲ್ಲಿ ಸೂಜಿಯಿಂದ ಜೆಲ್ ತುಂಬಿ ಮುಖ ಉಬ್ಬಿಸುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದ. ಮೊದಲು ಹೋದದ್ದು ಒಂದು ಬ್ಯೂಟಿ ಪಾರ್ಲರಿಗೆ. ಪಂಪು ಮಾರುವವನಿಗೆ ಸಹಜವಾಗಿ ಬರುವ ಪ್ರಶ್ನೆಯನ್ನೇ ಕೇಳಿದ: "ಇದು ತಪ್ಪಿ ಬ್ಯಾರೆ ಪೈಪಿನ್ಯಾಗ ಹೊಕ್ಕರ?"

"ಅಯ್ಯ, ಅಂಕಲ್! ಎಲ್ಲಾರೂ ಮಾಡಿಸ್ಕೊಂತಾರ, ಏನೂ ಆಗೂದಿಲ್ರಿ," ಎಂದು ಅಲ್ಲಿನ ಹುಡುಗಿ ನಕ್ಕಳು. ಏನೂ ಆಗುವುದಿಲ್ಲ ಎನ್ನುವ ಫಿಟ್ಟರನನ್ನು ಶಿವಯೋಗೀಶ ಎಂದೂ ನಂಬಿದವನಲ್ಲ. ಎದ್ದು ಬಂದ.

ಚರ್ಮರೋಗದ ಡಾಕ್ಟರ್ ಸುಲ್ತಾನಾ ಅವರ ದವಾಖಾನೆಯಲ್ಲಿ ಮಾತು ಶುರುವಾದದ್ದೇ ತಿರುವುಮುರುವು.

"ಏನ್ ತ್ರಾಸ ಐತ್ರಿ?"

"ನಾ ನಮ್ಮಣ್ಣ ಆಗಾಕತ್ತೇನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಕ್ಕ ಧಾರವಾಡದ ಮಾನಸಿಕ ದವಾಖಾನ್ಯಾಗ ಬ್ಯಾರೆ ಡಾಕ್ಟರ್ ಅದಾರ್ರಿ."

ಮೊಬೈಲಿನಲ್ಲಿದ್ದ ಎರಡು ಫೋಟೋ, ಅಣ್ಣನದೊಂದು, ತನ್ನ ಹಳೆಯದೊಂದು, ತೋರಿಸಿದ ಮೇಲೆ ಅವರು ನಗಲಿಲ್ಲ. ಅವನು ಮತ್ತೆ ಪೈಪಿನ ಪ್ರಶ್ನೆ ಕೇಳಿದ. ಡಾಕ್ಟರು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆ ಪುಟ್ಟ ಪುಟ್ಟ ಸೀಸೆಗಳು ಸಾಲಾಗಿ ಕೂತಿದ್ದವು.

"ಹೋಗಬಾರದು. ಹೋತಂದ್ರ ಕರಗಸಾಕ ಈ ಔಷಧ. ಇದು ಕೈಯಾಗಿಲ್ಲದ ನಾ ಸೂಜಿ ಹಿಡಿಯೂದಿಲ್ರಿ. ಜೆಲ್ ರಕ್ತನಾಳದಾಗ ಹೊಕ್ಕರ ಚರ್ಮ ಸಾಯತೈತಿ, ಕಣ್ಣೂ ಹೋಗಬಹುದು. ಭಾಳ ಅಪರೂಪ, ಆದ್ರ ಆಗತೈತಿ. ಇಷ್ಟು ಕೇಳಿದ ಮ್ಯಾಲೂ ಬೇಕಂದ್ರ ಬರ್ರಿ. ಮನ್ಯಾಗಿನವರನ್ನ ಕರಕೊಂಡು ಬರ್ರಿ."

ಅವನು ಆರತಿಯನ್ನು ಕರೆದುಕೊಂಡು ಹೋದ. ಅವಳು ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಳು. ಡಾಕ್ಟರು ಸಕ್ಕರೆಯ ರಿಪೋರ್ಟು ನೋಡಿದರು. ರಕ್ತ ತಿಳಿ ಮಾಡುವ ಗುಳಿಗೆ ತಗೋತೀರಾ, ಹಲ್ಲಿನಲ್ಲಿ ಕೀವಿದೆಯಾ, ಮೊದಲು ಎಲ್ಲಾದರೂ ತುಂಬಿಸಿಕೊಂಡಿದ್ದೀರಾ ಎಂದು ಕೇಳಿದರು. ಮುಖ ಒರೆಸಿ, ನಾಳ ಹಾಯುವ ಜಾಗಗಳಿಗೆ ಬಿಳಿ ಪೆನ್ಸಿಲಿನಿಂದ ಗೆರೆ ಎಳೆದರು. ಚೂಪು ಸೂಜಿಯಿಂದ ಸಣ್ಣ ತೂತು ಮಾಡಿ, ಅದರೊಳಗೆ ಮೊಂಡು ತುದಿಯ ಉದ್ದ ನಳಿಗೆ ತೂರಿಸಿ, ಹನಿಹನಿಯಾಗಿ ಬಿಟ್ಟರು. ಒಂದು ಹನಿ ಬಿಡುವುದು, ನಿಲ್ಲುವುದು, ಚರ್ಮದ ಬಣ್ಣ ನೋಡುವುದು. ಇಷ್ಟು ಸಾವಕಾಶವಾಗಿ ಕೆಲಸ ಮಾಡುವ ಫಿಟ್ಟರ್ ಸಿಕ್ಕಿದ್ದರೆ ಅಂಗಡಿಗೆ ಒಂದೂ ತಕರಾರು ಬರುತ್ತಿರಲಿಲ್ಲ ಎಂದು ಶಿವಯೋಗೀಶ ಯೋಚಿಸಿದ.

ಬಲಗೆನ್ನೆ ಮುಗಿಯಿತು. ಕೈಗನ್ನಡಿ ಕೊಟ್ಟರು. ಬಲಕ್ಕೆ ಅವನೇ ಇದ್ದ. ಹಳೆಯ ಗೆಳೆಯನೊಬ್ಬ ಬಸ್‌ ಸ್ಟ್ಯಾಂಡಿನಲ್ಲಿ ಎದುರಾದಷ್ಟು ಸಂತೋಷವಾಯಿತು.

ಎಡಗಡೆ ಎರಡನೆಯ ಹನಿಗೆ ಕೆನ್ನೆ ಚುರ್ ಎಂದಿತು. ಡಾಕ್ಟರ ಕೈ ತಟ್ಟನೆ ನಿಂತಿತು. ಇನ್ನೊಂದು ಕೈಯ ಎರಡು ಬೆರಳು ಎತ್ತಿ ಹಿಡಿದರು.

"ನನ್ನ ಬಳ್ಳು ಎಷ್ಟು ಕಾಣ್ತಾವ್ರಿ?"

"ಎರಡು."

"ಮಸುಕ ಮಸುಕ ಕಾಣ್ತಾವೇನು?"

"ಇಲ್ರಿ. ಯಾಕ್ರಿ?"

ಡಾಕ್ಟರು ನಳಿಗೆ ಹೊರಗೆಳೆದರು. ಕನ್ನಡಿ ಇನ್ನೂ ಅವನ ಕೈಯಲ್ಲೇ ಇತ್ತು, ನೋಡಿಬಿಟ್ಟ. ಮೂಗಿನ ಮಗ್ಗುಲಿನಿಂದ ಮೇಲ್ದುಟಿಯವರೆಗೆ ಚರ್ಮ ಬೆಳ್ಳಗೆ ಬಿಳಿಚಿತ್ತು, ವಿಭೂತಿ ಬಳಿದ ಹಾಗೆ. ಮೂರು ವರ್ಷದ ಹಿಂದೆ ಪಡಸಾಲೆಯ ಗೋಡೆಗೆ ಹೆಣ ಒರಗಿಸಿ ಕೂಡಿಸಿದ್ದಾಗ ಅಣ್ಣನ ಮುಖ ಇದ್ದದ್ದು ಹೀಗೆಯೇ. ಅಂತೂ ಪೂರ್ತಿ ಬಂದ ಎಂದುಕೊಂಡ ಶಿವಯೋಗೀಶ. ಇಷ್ಟು ದಿನ ಕುಳಿ ಮಾತ್ರ ಬಂದಿತ್ತು, ಈಗ ಸಾವೂ ಬಂತು.

ಫ್ರಿಜ್ಜಿನ ಬಾಗಿಲು ತೆರೆದ ಸಪ್ಪಳವಾಯಿತು. ಡಾಕ್ಟರು ಆ ಬಿಳುಪಿನ ತುಂಬ ಕರಗಿಸುವ ಔಷಧ ಚುಚ್ಚಿದರು. ನರ್ಸು ಇನ್ನೊಂದು ಸೀಸೆ ಒಡೆಯುತ್ತಿದ್ದಳು.

"ಅಕ್ಕಾರ, ಬರ್ರಿ ಇಲ್ಲೆ. ಈ ಬಿಸಿ ಅರಿವಿ ಇಟ್ಟು ಗಲ್ಲ ತಿಕ್ಕ್ರಿ. ನಾ ಸಿರಿಂಜ್ ತುಂಬತೇನಿ," ಎಂದರು ಡಾಕ್ಟರು ಆರತಿಗೆ.

ಆರತಿ ಎದ್ದು ಬಂದಳು. ಎದುರಿಗೆ ಭಾವ ಕಣ್ಣು ಮುಚ್ಚಿ ಒರಗಿದ್ದ. ಕೈ ಸೆರಗಿಗೆ ಹೋಯಿತು.

"ಲಗೂ ರೀ! ಮುಟ್ಟ್ರಿ ಅವರನ್ನ!"

ಮುಟ್ಟಿದಳು. ಇಷ್ಟು ವರ್ಷ ತಂಬಿಗೆಯನ್ನೂ ಕೈಗೆ ಕೊಡದಿದ್ದ ಭಾವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕಿದಳು. ಸೆರಗು ಭುಜದಿಂದಲೂ ಜಾರಿತು, ಅದರ ಕಡೆ ನೋಡಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಡಿ, ಬಣ್ಣ ಮರಳುತ್ತದೋ ನೋಡಿ ಎಂದರು ಡಾಕ್ಟರು. ಒತ್ತಿ ಬಿಟ್ಟಳು, ಬಿಳುಪು. ಮತ್ತೆ ಸೂಜಿ, ಮತ್ತೆ ಬಿಸಿ ಅರಿವೆ. ಒತ್ತಿದಳು, ಬಿಟ್ಟಳು, ಬಾಗಿ ನೋಡಿದಳು.

"ಬಂತ್ರಿ! ಡಾಕ್ಟರ, ಕೆಂಪು ಬಂತ್ರಿ!"

ಸಂಜೆಯ ತನಕ ಅಲ್ಲೇ ಇರಿಸಿಕೊಂಡು, ಬಣ್ಣ ಪೂರ್ತಿ ನಿಂತ ಮೇಲೆಯೇ ಡಾಕ್ಟರು ಕಳಿಸಿದರು. "ನೋವು ಹೆಚ್ಚಾದ್ರ, ಚರ್ಮ ನೀಲಿ ಇಟ್ಟು ಜಾಳಿಗಿ ಹಂಗ ಕಂಡ್ರ, ಕಣ್ಣು ಮಂಜಾದ್ರ, ಆ ಗಳಿಗಿಗೇ ಫೋನ್ ಮಾಡ್ರಿ. ನಾಳೆ ಬೆಳಿಗ್ಗೆ ಬರ್ರಿ. ಆದ್ರ ಎಡಗಡೆ ಇನ್ನ ನಾ ಕೈ ಹಾಕೂದಿಲ್ಲ. ನಿಮ್ಮ ನಾಳ ಎಲ್ಲೆ ಹೊಳ್ಳೇತಿ ಅಂತ ನನಗ ಖಾತ್ರಿ ಇಲ್ಲ."

"ಬಲಗಡಿದು?"

"ಕರಗಸಂದ್ರ ಕರಗಸ್ತೇನಿ. ಇಲ್ಲಾಂದ್ರ ವರ್ಷ, ವರ್ಷೊಪ್ಪತ್ತಿನ್ಯಾಗ ತಾನ ಇಳಿತೈತಿ."

ಹೀಗೆ ಶಿವಯೋಗೀಶ ಬಲಕ್ಕೆ ತಾನಾಗಿ, ಎಡಕ್ಕೆ ಅಣ್ಣನಾಗಿ ಮನೆಗೆ ಬಂದ. ಓಣಿಯ ನಾಯಿ ಅವನನ್ನು ಸುತ್ತು ಹಾಕಿ, ಯಾವ ಕಡೆ ಬಾಲ ಅಲ್ಲಾಡಿಸಬೇಕೆಂದು ತಿಳಿಯದೆ ಕೂತುಬಿಟ್ಟಿತು. ಊಟಕ್ಕೆ ಕೂತಾಗ ಅವನು ಬಹಳ ವಿಚಾರ ಮಾಡಿ ತಾಯಿಯನ್ನು ಎಡಕ್ಕೆ, ಹೆಂಡತಿಯನ್ನು ಬಲಕ್ಕೆ ಕೂಡಿಸಿಕೊಂಡ.

ಮುರಿಗೆವ್ವ ಅವನನ್ನು ಎರಡೂ ಕಡೆ ಹೊರಳಿಸಿ ನೋಡಿದಳು. "ಹುಚ್ಚಪ್ಪಾ, ನನಗೇನು ಕಣ್ಣಿಲ್ಲಂತ ತಿಳದೀಯೇನು? ಚನ್ನಾನ್ನ ಕರದ್ರ ಅವ ಯಾವಾಗರೆ ಓ ಅಂದಾನೇನು? ನೀ ಅಂತಿ. ಅದಕ್ಕ ಕರೀತೇನಿ," ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಆರತಿ ಹಾಸಿಗೆಯನ್ನು ವಾಪಸು ತಂದಳು. ಮರುದಿನ ಬೆಳಿಗ್ಗೆ ಡಾಕ್ಟರು ಹೇಳಿದಂತೆ ಎಡಗೆನ್ನೆ ಒತ್ತಿ ನೋಡಿದಳು. ಅದರ ಮರುದಿನವೂ ನೋಡಿದಳು. ಇನ್ನು ಬೇಡ ಎಂದು ಡಾಕ್ಟರು ಹೇಳಿ ತಿಂಗಳುಗಳಾದರೂ ಬಿಡಲಿಲ್ಲ.

ವರ್ಷ ಕಳೆಯಿತು. ಬಲಗೆನ್ನೆಯೂ ಮೆಲ್ಲಗೆ ಇಳಿದು ಎರಡೂ ಕಡೆ ಕುಳಿ ಬಿತ್ತು. ಒಂದು ಸಂಜೆ ಅಂಗಡಿ ಮುಚ್ಚಿ ಬಂದ ಶಿವಯೋಗೀಶ ಬಾಗಿಲಲ್ಲಿ ನಿಂತ. ಚೌಳಿಕಾಯಿಯ ನಾರು ತೆಗೆದು ಸೋಸುತ್ತಿದ್ದ ಆರತಿ ತಲೆ ಎತ್ತಿದಳು. ಅವಳ ಕೈ ಮೇಲೆದ್ದು ಕಿವಿಯ ತನಕ ಹೋಯಿತು, ಅಲ್ಲಿ ನಿಂತಿತು.

"ಬರ್ರಿ ಇಲ್ಲೆ," ಎಂದಳು, ಕೂತಲ್ಲಿಂದ ಏಳದೆ.

ಅವನು ಬಂದು ಎದುರಿಗೆ ಕೂತ. ಅವಳು ಹೆಬ್ಬೆರಳಿನಿಂದ ಅವನ ಎಡಗೆನ್ನೆ ಒತ್ತಿ ಬಿಟ್ಟಳು. ಒತ್ತಿದ ಜಾಗದಲ್ಲಿ ಬಿಳುಪು ಒಂದು ಗಳಿಗೆ ನಿಲ್ಲುತ್ತದೆ. ಆ ಒಂದು ಗಳಿಗೆ ಚನ್ನಯ್ಯ ಇರುತ್ತಾನೆ.

ಕೆಂಪು ಬಂತು.

"ನೀವ ಅದೀರಿ," ಎಂದು ಆರತಿ ಚೌಳಿಕಾಯಿಯ ಬುಟ್ಟಿಯನ್ನು ಅವನ ಮುಂದೆ ಸರಿಸಿದಳು. "ಸೋಸ್ರಿ."